ಮೂರು ಚೆಂಡು ನೇರ ಹೋದರೆ ಅಪ್ಪ ಬರ್ತಾರೆ

ಕೆಲವರ ಮನೆಗೆ ತಮಾಷೆ ಅಂದರೆ ಮದುವೆಗೋ ಪೂಜೆಗೋ ಬಂದು ಹೋಗುವ ನೆಂಟನ ಹಾಗೆ. ನಮ್ಮ ಮನೆಯಲ್ಲಿ ಅದು ರೇಶನ್ ಕಾರ್ಡಿನಲ್ಲಿ ಹೆಸರಿರುವ ಸದಸ್ಯ. ನಾನು ಸುಮ್ಮನೆ ಕೂತರೂ ಎಂತಾದರೂ ಒಂದು ಆಗಿಯೇ ಆಗ್ತದೆ. ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಎರಡೂ ಹೋಯಿತು. ಮರುಪರೀಕ್ಷೆಗೆ ಹಗಲಿಡೀ ಕೂತು ಗಣಿತ ಓದಿದೆ. ಇಂಗ್ಲಿಷ್ ಪಾಸಾಯಿತು. ಆಗ ನಮ್ಮ ಪಕ್ಕದ ಮನೆಯ ಟೀಚರು, ನನಗೆ ಗಣಿತ ಕಲಿಸಿದವರು, ಈಗ ರಿಟೈರ್ಡ್, ಬೇಲಿಯಾಚೆಯಿಂದ ಹೇಳಿದ್ದರು: "ನಿನ್ನದು ಗುರಿ ಒಂದು ಕಡೆ, ಬೀಳುವುದು ಇನ್ನೊಂದು ಕಡೆ."

ಅವರು ಹೇಳಿದ್ದು ಪರೀಕ್ಷೆಯ ಬಗ್ಗೆ. ಆದರೆ ಮುಂದೆ ನಾನು ಗಾಲ್ಫ್ ಆಡ್ತೇನೆ ಅಂತ ಅವರಿಗೆ ಆಗಲೇ ಗೊತ್ತಿತ್ತೋ ಏನೋ.

ನುಗ್ಗೆಕಾಯಿಯ ಕೊಕ್ಕೆ

ನಮ್ಮದು ಶಂಕರಪುರ. ಅಮ್ಮ, ಅಜ್ಜಿ, ನಾನು, ಇಪ್ಪತ್ತೆಂಟು ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಅಮ್ಮ ಮತ್ತು ಅಜ್ಜಿ ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಗಾಡಿ ಬರುವುದರೊಳಗೆ ಮುಗಿಸಬೇಕು. ಮಣಿಪಾಲದ ಒಂದೆರಡು ಮನೆಗೆ ಮಾತ್ರ ನಾನೇ ಬಸ್ಸಿನಲ್ಲಿ ಹೂ ಕೊಂಡುಹೋಗಿ ಕೊಡುವುದು. ಓದು ನಿಂತ ಮೇಲೆ ನನ್ನ ಉದ್ಯೋಗ ಇಷ್ಟೇ.

ಅಪ್ಪ ದುಬೈಯಲ್ಲಿ. ಅಲ್ಲಿ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸ. ಅಜ್ಜಿಗೆ ಇದು ಇವತ್ತಿಗೂ ಅರ್ಥ ಆಗಿಲ್ಲ. ಇಲ್ಲಿ ದನ ಪುಕ್ಕಟೆ ಮಾಡುವ ಕೆಲಸಕ್ಕೆ ಅಲ್ಲಿಗೆ ಹೋಗಲು ವೀಸಾ ಯಾಕೆ ಬೇಕಾಯಿತು ಅಂತ ಕೇಳ್ತಾರೆ. ಅಪ್ಪ ಕೊನೆಯ ಸಲ ಊರಿಗೆ ಬಂದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿರುವಾಗ. ಆಮೇಲೆ ಒಂದು ವರ್ಷ ಕಂಪೆನಿ ಬದಲಾಯಿತು, ಒಂದು ವರ್ಷ ವಿಮಾನವೇ ಇರಲಿಲ್ಲ, ಒಂದು ವರ್ಷ ಇವರ ಬದಲಿಗೆ ಬರಬೇಕಾದವನು ಬರಲಿಲ್ಲ. ಪ್ರತಿ ಸಲವೂ ಅಮ್ಮ ಅಟ್ಟದ ಮೇಲಿನ ಹಾಸಿಗೆಯನ್ನು ಇಳಿಸಿ ಬಿಸಿಲಿಗೆ ಹಾಕುವುದು, ಪುನಃ ಮೇಲಿಡುವುದು. ಆ ಹಾಸಿಗೆ ನಮ್ಮೆಲ್ಲರಿಗಿಂತ ಹೆಚ್ಚು ಬಿಸಿಲು ಕಂಡಿದೆ.

ಹೋದ ವರ್ಷ ನಂದಿಕೂರಿನವರೊಬ್ಬರು ದುಬೈಯಿಂದ ರಜೆಗೆ ಬರುವಾಗ ಅಪ್ಪ ಅವರ ಕೈಯಲ್ಲಿ ಒಂದು ಉದ್ದ ಪೊಟ್ಟಣ ಕಳಿಸಿದರು. ಬಿಚ್ಚಿದರೆ ಒಳಗೆ ಒಂದು ಕಬ್ಬಿಣದ ಕೋಲು, ತುದಿಯಲ್ಲಿ ಹಾರೆಯ ಮರಿಯ ಹಾಗೆ ಎಂತದೋ ಒಂದು, ಮತ್ತೆ ಮೂರು ಬಿಳಿ ಚೆಂಡು. ಚೀಟಿ ಇಲ್ಲ. ಅಮ್ಮ ಕರ್ಟನ್ನಿನ ಸರಳು ಅಂದರು. ನಾನು ಬೈಕಿನ ಸ್ಪೇರು ಅಂದೆ. ನಮ್ಮಲ್ಲಿ ಬೈಕೇ ಇಲ್ಲ. ಅಜ್ಜಿ ಯಾರ ಮಾತನ್ನೂ ಕೇಳಲಿಲ್ಲ, ಕೋಲನ್ನು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಹನ್ನೊಂದು ನುಗ್ಗೆಕಾಯಿ ಎಳೆದು ತಂದರು.

ಮಧ್ಯಾಹ್ನ ಅಪ್ಪನ ವಿಡಿಯೋ ಕಾಲ್ ಬಂತು. ಕೋಲು ಮುಟ್ಟಿತಾ ಅಂತ ಕೇಳುವ ಮೊದಲೇ ಅಜ್ಜಿ ಫೋನಿನ ಹತ್ತಿರ ಬಾಯಿ ಇಟ್ಟು ಹೇಳಿದರು: "ಕೊಕ್ಕೆ ಒಳ್ಳೆಯದುಂಟು ಮಗಾ. ಸ್ವಲ್ಪ ಗಿಡ್ಡ ಆಯಿತು. ಮುಂದಿನ ಸಲ ಮಾವಿನಹಣ್ಣಿಗೆ ಎಟಕುವಂಥದ್ದು ಕಳಿಸು."

ಸೆಲ್ಫಿಯ ಶಾಸ್ತ್ರ

ಮೈದಾನಕ್ಕೆ ಬರುವ ಒಬ್ಬ ಮುದುಕ ದೊರೆ ತನ್ನ ಹಳೆಯ ಗಾಲ್ಫ್ ಕೋಲನ್ನು ಅಪ್ಪನಿಗೆ ಕೊಟ್ಟದ್ದಂತೆ. ಅಪ್ಪನಿಗೆ ಮೈದಾನದಲ್ಲಿ ಹುಲ್ಲು ಕತ್ತರಿಸಲಿಕ್ಕೆ ಮಾತ್ರ ಅನುಮತಿ, ಹೊಡೆಯಲಿಕ್ಕೆ ಇಲ್ಲ. ರೂಮಿನಲ್ಲಿ ಚೆಂಡಿಲ್ಲದೆ ಬೀಸಿ ಬೀಸಿ, ಒಮ್ಮೆ ಮೇಲಿನ ಮಂಚದವನ ಸೊಳ್ಳೆಪರದೆ ಹರಿದ ಮೇಲೆ ನನಗೆ ಕಳಿಸಿದ್ದು.

"ನೀನು ಕಲಿ ಮಾರಾಯ," ಅಂದರು ಅಪ್ಪ. "ಮೂರು ಚೆಂಡು, ಒಂದರ ಹಿಂದೆ ಒಂದು, ನೇರ ಹೋಗಬೇಕು. ಆ ವಿಡಿಯೋ ನನಗೆ ಬಂದ ದಿನ ರಜೆಗೆ ಅರ್ಜಿ ಹಾಕ್ತೇನೆ."

ತಮಾಷೆಗೆ ಹೇಳಿದ್ದು ಅಂತ ನನಗೂ ಗೊತ್ತುಂಟು. ಆದರೆ ಜೀವನಪೂರ್ತಿ ಊರಿಗೆಲ್ಲ ತಮಾಷೆ ಮಾಡಿದವನು ನಾನು. ತಮಾಷೆಯೊಳಗೆ ಎಷ್ಟು ನಿಜ ಇರ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವತ್ತಿನಿಂದ ಅಪ್ಪ ಮತ್ತು ನಮ್ಮ ಅಂಗಳದ ನಡುವೆ ಇದ್ದದ್ದು ಸಮುದ್ರ ಅಲ್ಲ, ಮೂರು ಚೆಂಡು.

ಕ್ರಿಕೆಟಿನ ಬ್ಯಾಟು ಹಿಡಿಯುವ ಹಾಗೆ ಕೋಲು ಹಿಡಿದು ನಿಂತೆ. ಅದರ ಚಪ್ಪಟೆ ಮುಖ ಹಿಂದೆ ಹೋಯಿತು, ಉಬ್ಬಿದ ಬೆನ್ನು ಚೆಂಡಿಗೆ ಬಂತು. ಹಾಗಾಗಿ ನಾನೇ ತಿರುಗಿ ಆಚೆ ಬದಿಯಲ್ಲಿ ನಿಂತೆ. ಮುಖ ಸರಿಯಾಯಿತು, ಕೈ ಮಾತ್ರ ಬೇರೆ ಯಾರದೋ ಅನ್ನಿಸಿತು. ಫೋನಿನಲ್ಲಿ ಕಲಿಸುವ ವಿಡಿಯೋ ನೋಡಿದರೆ ಎಲ್ಲರೂ ನನಗೆ ಉಲ್ಟಾ ನಿಂತಿದ್ದಾರೆ. ನಾನು ಹೆದರಲಿಲ್ಲ. ಅಜ್ಜಿಯ ಸೆಲ್ಫಿ ತೆಗೆದರೆ ಮೂಗುತಿ ಎಡದಿಂದ ಬಲಕ್ಕೆ ಹೋಗ್ತದೆ ಅಲ್ವಾ, ಇವರೆಲ್ಲ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ತೀರ್ಮಾನ ಮಾಡಿದೆ. ಇಡೀ ಪ್ರಪಂಚಕ್ಕೆ ಗಾಲ್ಫ್ ಕಲಿಸುವವರಿಗೆ ಸರಿಯಾಗಿ ಒಂದು ವಿಡಿಯೋ ತೆಗೆಯಲಿಕ್ಕೆ ಬರುವುದಿಲ್ಲವಲ್ಲ ಅಂತ ಬೇಜಾರೂ ಆಯಿತು.

ದುಬೈಯ ಚೆಂಡುಗಳನ್ನು ಪರೀಕ್ಷೆಗೆ ತೆಗೆದಿಟ್ಟು, ಅಭ್ಯಾಸಕ್ಕೆ ಉದುರಿದ ತೆಂಗಿನ ಮಿಡಿ ಇಟ್ಟುಕೊಂಡೆ. ಮೊದಲ ಮಿಡಿ ಎಡಕ್ಕೆ ಹಾರಿ ಬಾವಿಗೆ ಬಿತ್ತು. ಎರಡನೆಯದು ಬಲಕ್ಕೆ ಹೋಗಿ ಟೀಚರ ತುಳಸಿಕಟ್ಟೆಗೆ ತಾಗಿತು. ಮೂರನೆಯದು ಇದ್ದಲ್ಲೇ ಇತ್ತು, ಅದರ ಹಿಂದಿನ ಒಂದು ಹಿಡಿ ಮಣ್ಣು ಮಾತ್ರ ಹಾರಿ ಹೋಯಿತು. ನಾಲ್ಕನೆಯದಕ್ಕೆ ಕೋಲು ಗಾಳಿಯಲ್ಲಿ ಒಂದು ಸುತ್ತು ಬಂದು ನನ್ನ ಬೆನ್ನಿಗೇ ಬಿತ್ತು. ತಪ್ಪಾದರೂ ಒಂದೇ ರೀತಿ ಆದರೆ ತಿದ್ದಬಹುದು. ನನ್ನದು ಪ್ರತಿ ಸಲ ಹೊಸ ತಪ್ಪು.

ಟೀಚರು ಬೇಲಿಗೆ ಬಂದರು. ಬೈಯಲಿಲ್ಲ. "ನೀನೊಂದು ಕೆಲಸ ಮಾಡು," ಅಂದರು. "ಇನ್ನು ಮೇಲೆ ನನ್ನ ತುಳಸಿಗೇ ಗುರಿ ಇಟ್ಟು ಹೊಡಿ. ಆಗಲಾದರೂ ಅದು ಉಳಿದೀತು."

ಅಜ್ಜಿಯ ಗಂಟು

ಅಪ್ಪ ಶುಕ್ರವಾರ ಶುಕ್ರವಾರ ನನ್ನ ವಿಡಿಯೋ ನೋಡಿ ಪಾಠ ಹೇಳುವುದು. ನಾನು ನಿಂತದ್ದು ತಪ್ಪು ಅಂತ ಒಂದು ದಿನವೂ ಹೇಳಲಿಲ್ಲ. ಬದಲಿಗೆ ಮೊದಲ ವಿಡಿಯೋವನ್ನು ಎರಡೆರಡು ಸಲ ನೋಡಿ, "ಹೀಗೇ ನಿಲ್ಲು ಮಗಾ, ಹೀಗೇ," ಅಂದರು. ಕೋಲನ್ನು ಹಿಡಿಯುವುದು ಮಲ್ಲಿಗೆ ಮೊಗ್ಗು ಹಿಡಿದ ಹಾಗೆ ಅಂತೆ, ಬಿಗಿಯಾದರೆ ಬಾಡ್ತದೆ, ಸಡಿಲಾದರೆ ಬೀಳ್ತದೆ. ನಿನ್ನ ಮೊಣಕೈ ಹಾರ್ತದೆ, ಅದನ್ನು ಮೈಗೆ ಅಂಟಿಸಿ ಇಡು ಅಂದರು.

ಹೇಗೆ ಅಂಟಿಸುವುದು? ಮನೆಯಲ್ಲಿ ಬಾಳೆನಾರಿಗೆ ಬರಗಾಲ ಇಲ್ಲ. ಹೂ ಕಟ್ಟುತ್ತಿದ್ದ ಅಜ್ಜಿಯ ಹತ್ತಿರ ಹೋಗಿ, ಒಂದು ಕೈಯನ್ನು ಮೈಗೆ ಸೇರಿಸಿ ಕಟ್ಟಿಕೊಡಿ ಅಂದೆ. ಅಜ್ಜಿ ಯಾಕೆ ಅಂತ ಕೇಳಲಿಲ್ಲ. "ಎಡದ್ದಲ್ವಾ?" ಅಂತ ಮಾತ್ರ ಕೇಳಿ, ನಾನು ಉತ್ತರ ಕೊಡುವುದರೊಳಗೆ ನನ್ನ ಎಡಗೈಯನ್ನು ಎರಡು ಸುತ್ತು ಹಾಕಿ, ಹಲ್ಲಿನಲ್ಲಿ ನಾರು ಎಳೆದು ಗಂಟು ಬಿಗಿದರು. ಇಷ್ಟು ಚೆನ್ನಾಗಿ ಕೈ ಕಟ್ಟುವುದು ಅಜ್ಜಿ ಎಲ್ಲಿ ಕಲಿತರು ಅಂತ ನನಗೆ ಆಶ್ಚರ್ಯ ಆಯಿತು. ಪೊಲೀಸಿನವರಿಗೂ ಇಷ್ಟು ಬೇಗ ಆಗಲಿಕ್ಕಿಲ್ಲ.

ಬೀಸಿದೆ. ಮೊಣಕೈ ಹಾರಲಿಲ್ಲ. ಅದರ ಬದಲು ನಾನೇ ಇಡಿಯಾಗಿ ಹಾರಿ ಗೊಬ್ಬರದ ಬುಟ್ಟಿಗೆ ಬಿದ್ದೆ. ಏಳಲಿಕ್ಕೆ ಆಗಲಿಲ್ಲ, ಗಂಟು ಬಿಚ್ಚಲಿಕ್ಕೂ ಬರಲಿಲ್ಲ. ಅಜ್ಜಿ ಅಷ್ಟರಲ್ಲಿ ಹೂವಿನ ಗಾಡಿಗೆ ಹೂ ಕೊಡಲು ರಸ್ತೆಗೆ ಹೋಗಿದ್ದರು. ನಾನು ಕಟ್ಟಿದ ಕೈಯಲ್ಲೇ ಹೊರಳಿ ಎದ್ದು ಗೇಟಿನ ಹತ್ತಿರ ಬಂದು ನಿಂತೆ. ಆ ಹೊತ್ತಿಗೆ ಹಾದುಹೋದವರೆಲ್ಲ ನಿಂತು ನೋಡಿದರು. ಅದರ ಹಿಂದಿನ ತಿಂಗಳು ನಾನು ಅವರ ಸೈಕಲ್ ಬೆಲ್ಲುಗಳನ್ನೆಲ್ಲ ಅದಲುಬದಲು ಮಾಡಿದ್ದೆ. ಯಾರೂ ಬಿಚ್ಚಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಕೊನೆಗೆ ಟೀಚರು ಬಂದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಗಂಟನ್ನು ಒಮ್ಮೆ ಎಳೆದು ಗಟ್ಟಿ ಉಂಟಾ ಅಂತ ಪರೀಕ್ಷೆ ಮಾಡಿ, ಅಷ್ಟರಲ್ಲಿ ರಸ್ತೆಯಿಂದ ವಾಪಸು ಬಂದ ಅಜ್ಜಿಯ ಕಡೆ ತಿರುಗಿ ಹೇಳಿದರು: "ಇದನ್ನು ನೀವು ಎಂಟನೇ ಕ್ಲಾಸಿನಲ್ಲೇ ಮಾಡಬೇಕಿತ್ತು."

ಕಾಪುವಿನಲ್ಲಿ ಚಿನ್ನ

ಅಂಗಳದಲ್ಲಿ ಜಾಗ ಸಾಲದು ಅಂತ ಕಾಪುವಿನ ಸಮುದ್ರ ತೀರಕ್ಕೆ ಹೋಗಲಿಕ್ಕೆ ಶುರುಮಾಡಿದೆ. ಜೊತೆಗೆ ನನ್ನ ಗೆಳೆಯ, ಪಂಕ್ಚರ್ ಅಂಗಡಿಯವನು. ಫೋನು ಹಿಡಿಯುವುದು ಅವನ ಕೆಲಸ. ದೀಪಸ್ತಂಭದ ಬಂಡೆಯಿಂದ ಸ್ವಲ್ಪ ದೂರ, ಜನ ಕಡಿಮೆ ಇರುವಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಹೊಡೆಯುವುದು. ಗೆಳೆಯ ಯಾಕೆ ನೀರಿನ ಕಡೆಗೇ ಅಂತ ಕೇಳಿದ. ಆಚೆಗೆ ದುಬೈ ಉಂಟಲ್ಲ ಅಂದೆ. ಲೆಕ್ಕಪ್ರಕಾರ ನೇರ ಹೊಡೆದರೆ ಚೆಂಡು ಅಪ್ಪ ಕತ್ತರಿಸುವ ಹುಲ್ಲಿನಲ್ಲಿ ಬೀಳಬೇಕು. ಅವನು ಫೋನಿನಲ್ಲಿ ನಕ್ಷೆ ತೆಗೆದು ನೋಡಿ, ಸ್ವಲ್ಪ ಬಲಕ್ಕೆ ತಿರುಗಿ ನಿಲ್ಲು, ಈಗ ನೀನು ಆಫ್ರಿಕಾಕ್ಕೆ ಹೊಡೀತಿದ್ದಿ ಅಂದ.

ತೀರದ ಹೊಯ್ಗೆಯಲ್ಲಿ ಹೊಡೆಯುವುದು ಅಂದರೆ ಚೆಂಡಿಗಿಂತ ಮೊದಲು ನೆಲಕ್ಕೆ ತಾಗುವುದು. ಪ್ರತಿ ಬೀಸಿಗೂ ಒಂದು ಗುಂಡಿ. ಅರ್ಧ ಗಂಟೆಯಲ್ಲಿ ನಲವತ್ತು ಗುಂಡಿ ಆಯಿತು. ಅಷ್ಟರಲ್ಲಿ ಘಟ್ಟದ ಮೇಲಿನಿಂದ ಪ್ರವಾಸಕ್ಕೆ ಬಂದ ಒಂದು ವ್ಯಾನಿನ ಜನ ಸುತ್ತ ನಿಂತರು. ಅವರಲ್ಲಿ ಹಿರಿಯರೊಬ್ಬರು, ಎಂತ ಹುಡುಕ್ತಿದ್ದೀರಿ ಅಂತ ಕೇಳಿದರು. ನನಗೆ ನಾಲಿಗೆ ತುರಿಸಿತು. ಅಜ್ಜಿಯ ಎರಡು ಎಳೆಯ ಚಿನ್ನದ ಅವಲಕ್ಕಿ ಸರ ಬಿದ್ದಿದೆ, ಇದು ಚಿನ್ನ ಹುಡುಕುವ ಯಂತ್ರ, ತುದಿ ಬಿಸಿ ಆದರೆ ಹತ್ತಿರ ಉಂಟು ಅಂತ ಅರ್ಥ ಅಂದೆ.

ಐದು ನಿಮಿಷದಲ್ಲಿ ಹದಿನಾಲ್ಕು ಜನ ಮೊಣಕಾಲೂರಿ ಹೊಯ್ಗೆ ಬಗೆಯಲಿಕ್ಕೆ ಶುರು. ಹಿರಿಯರು ಆಗಾಗ ಬಂದು ಕೋಲಿನ ತುದಿ ಮುಟ್ಟಿ ನೋಡ್ತಾ ಇದ್ದರು. ಬಿಸಿಲಿಗೆ ಕಬ್ಬಿಣ ಬಿಸಿ ಆಗದೆ ಇರ್ತದಾ? "ಇಲ್ಲೇ ಇದೆ, ಬಿಸಿ ಆಯ್ತು," ಅಂತ ಅವರೇ ಎಲ್ಲರನ್ನೂ ಹುರಿದುಂಬಿಸಿದರು. ನಾವು ಮೆಲ್ಲ ಜಾರಿದೆವು.

ಮರುದಿನ ಗೆಳೆಯ ಹೇಳಿದ, ಅವರಿಗೆ ನಿಜವಾಗಿ ಎಂತದೋ ಸಿಕ್ಕಿತಂತೆ. ಎಂತ ಸಿಕ್ಕಿತು ಮಾರಾಯ ಅಂದೆ. ನನ್ನ ಅಂಗಡಿಯ ಬೀಗದ ಕೈ, ಹೋದ ವರ್ಷ ಅಲ್ಲಿಯೇ ಕಳೆದದ್ದು ಅಂದ. ಬೀಗ ಒಡೆದು ಆರು ತಿಂಗಳಾಗಿತ್ತು.

ಸಿಂಹದ ಮೂಗು

ಮೂರು ತಿಂಗಳಾಯಿತು. ಒಂದು ಚೆಂಡು ನೇರ ಹೋಗ್ತದೆ, ಕೆಲವು ಸಲ ಎರಡು ಹೋಗ್ತದೆ, ಮೂರನೆಯದಕ್ಕೆ ನನ್ನ ಕೈಗೆ ಅಪ್ಪ ನೆನಪಾಗ್ತಾರೆ. ಆಗ ಎಲ್ಲ ಕೆಡ್ತದೆ. ಮೂರನೆಯದು ಹೋದರೆ ಅಪ್ಪ ಬರ್ತಾರೆ ಅಂತ ಅಂದುಕೊಂಡು ಬೀಸಿದರೆ ಅದು ಬಾವಿಗೇ.

ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಹೂ ಕಟ್ಟುವಾಗ ಎದುರಿಗೆ ಚೊಂಬಿಗೆ ಫೋನು ಒರಗಿಸಿ ಅಪ್ಪನ ಹತ್ತಿರ ಮಾತಾಡ್ತಾರೆ, ಬೆರಳು ಮಾತ್ರ ನಿಲ್ಲುವುದಿಲ್ಲ, ಒಂದು ಮೊಗ್ಗು ಹೆಚ್ಚಿಲ್ಲ, ಕಡಿಮೆ ಇಲ್ಲ. ನಿಮಗೆ ಹೇಗೆ ಪ್ರತಿ ಸಲವೂ ಒಂದೇ ರೀತಿ ಬರ್ತದೆ ಅಂತ ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, "ಎಷ್ಟು ಕಟ್ಟಿದೆ, ಇನ್ನೆಷ್ಟು ಉಂಟು ಅಂತ ನೋಡಬಾರದು," ಅಂದರು. "ನೋಡಿದರೆ ಕಟ್ಟಲಿಕ್ಕೆ ಆಗುವುದಿಲ್ಲ." ಅವರು ಹೂವಿನ ಬಗ್ಗೆಯೇ ಹೇಳಿದ್ದಾ ಅಂತ ನಾನು ಕೇಳಲಿಲ್ಲ.

ಕಾರ್ಕಳದಲ್ಲಿ ಅಮ್ಮನ ಕಡೆಯ ಒಬ್ಬರು ದೊಡ್ಡಪ್ಪ ಇದ್ದಾರೆ, ಕಲ್ಲಿನಲ್ಲಿ ಮೂರ್ತಿ ಕೆತ್ತುವವರು. ದಿನಕ್ಕೆ ಸಾವಿರ ಪೆಟ್ಟು ಹಾಕಿದರೂ ಒಂದೂ ತಪ್ಪುವುದಿಲ್ಲ. ಅವರಿಂದ ಕಲಿತು ಬಾ ಅಂತ ಅಮ್ಮನೇ ಕಳಿಸಿದರು. ದೊಡ್ಡಪ್ಪ ಚೆನ್ನಾಗಿಯೇ ಕಲಿಸಿದರು. ಪೆಟ್ಟು ಹಾಕುವ ಮೊದಲು ಉಸಿರು ಪೂರ್ತಿ ಬಿಡಬೇಕು, ಮೂರ್ತಿ ಹೇಗೆ ಕಾಣ್ತದೆ ಅಂತ ಯೋಚಿಸಬಾರದು, ಉಳಿಯ ತಲೆ ಮಾತ್ರ ನೋಡಬೇಕು ಅಂದರು. ಅರ್ಥ ಆಯಿತಾ ಅಂದರು. ಆಯಿತು ಅಂದೆ. ತೋರಿಸು ಅಂದರು.

ಅಂಗಳದಲ್ಲಿ ಬಿದ್ದ ಒಂದು ಗುಂಡುಕಲ್ಲನ್ನು ಚೆಂಡು ಅಂತ ಇಟ್ಟೆ. ಉಸಿರು ಬಿಟ್ಟೆ. ಕಲ್ಲನ್ನು ಮಾತ್ರ ನೋಡಿದೆ. ನನ್ನ ಜೀವನದಲ್ಲೇ ಅಷ್ಟು ಚೆಂದದ ಬೀಸು ಬಂದಿರಲಿಲ್ಲ. ಕಲ್ಲು ದಾರದ ಹಾಗೆ ನೇರ ಹೋಯಿತು. ಆದರೆ ಆ ನೇರದಲ್ಲಿ ದೊಡ್ಡಪ್ಪ ಆಗತಾನೆ ಮುಗಿಸಿದ ಸಿಂಹ ಕೂತಿತ್ತು. ಠಣ್ ಅಂತ ಒಂದು ಶಬ್ದ. ಸಿಂಹದ ಮೂಗಿನ ತುದಿ ನನ್ನ ಕಾಲ ಬುಡಕ್ಕೆ ಬಂದು ಬಿತ್ತು.

ದೊಡ್ಡಪ್ಪ ಮೂಗನ್ನು ಹೆಕ್ಕಿ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಕೊನೆಗೆ ಹೇಳಿದರು: "ನಾನು ಮೂರು ದಿನ ಕೂತು ಮಾಡಿದ್ದನ್ನು ನೀನು ಒಂದೇ ಪೆಟ್ಟಿಗೆ ತೆಗೆದೆ. ನಿನಗೆ ಕಲಿಸಲಿಕ್ಕೆ ನನ್ನಲ್ಲಿ ಇನ್ನು ಎಂತದೂ ಇಲ್ಲ. ಬಸ್ಸು ನಾಲ್ಕೂವರೆಗೆ ಉಂಟು."

ದನದ ಸಾಕ್ಷಿ

ಸಿಂಹದ ಮೂಗು ಮುರಿದ ಮೇಲೆ ನನಗೆ ಧೈರ್ಯ ಹೋಯಿತು. ಧೈರ್ಯ ಹೋದಾಗ ನನ್ನಂಥವನಿಗೆ ಬುದ್ಧಿ ಬರ್ತದೆ, ಅದು ಇನ್ನೂ ಅಪಾಯ. ಗೆಳೆಯ ಅವನ ಫೋನಿನಲ್ಲಿ ವಿಡಿಯೋ ಕತ್ತರಿಸಿ ಅಂಟಿಸುವುದನ್ನು ಕಲಿತಿದ್ದ. ಟೀಚರ ಮನೆಯ ಹಿಂದಿನ ಗದ್ದೆಯಲ್ಲಿ ತೆಗೆದ ಮೂರು ವಾರದ ವಿಡಿಯೋ ಇತ್ತು. ಅದರಲ್ಲಿ ನೇರ ಹೋದ ಮೂರನ್ನು ಹುಡುಕಿ, ಒಂದೇ ದಿನ ಸಾಲಾಗಿ ಹೊಡೆದ ಹಾಗೆ ಸೇರಿಸಿದೆವು. ಮೂರರಲ್ಲೂ ಅದೇ ಅಂಗಿ, ಅದೇ ಚಡ್ಡಿ. ದೇವರಿಗೂ ಗೊತ್ತಾಗಲಿಕ್ಕಿಲ್ಲ ಅಂತ ಗೆಳೆಯ ಹೇಳಿದ.

ಕಳಿಸಿದೆ. ಎರಡು ನೀಲಿ ಗೆರೆ ಬಂತು. ಅಷ್ಟು ಹೊತ್ತು ನಾನು ಅಟ್ಟದ ಹಾಸಿಗೆಯನ್ನೇ ನೋಡ್ತಾ ಕೂತಿದ್ದೆ, ಇಳಿಸಲಾ ಬೇಡವಾ ಅಂತ.

ಅಪ್ಪನ ಫೋನು ಬಂತು. ಸಿಟ್ಟಿಲ್ಲ, ನಗು ಇತ್ತು. "ಮಗಾ, ನಾನು ಹದಿನೈದು ವರ್ಷದಿಂದ ಹುಲ್ಲಲ್ಲದೆ ಬೇರೆ ಎಂತದೂ ನೋಡಲಿಲ್ಲ. ಮೊದಲನೇ ಚೆಂಡಿಗೆ ಹುಲ್ಲು ನಿನ್ನ ಮೊಣಕಾಲಿನ ತನಕ ಉಂಟು. ಎರಡನೇ ಚೆಂಡಿಗೆ ಪಾದ ಕಾಣ್ತದೆ. ಅಷ್ಟರೊಳಗೆ ದನ ಬಂದು ಮೇಯ್ದು ಹೋಯಿತಾ?"

ನಾನು ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿದೆ.

"ದನಕ್ಕಾದರೂ ನನ್ನ ಕೆಲಸ ಗೊತ್ತುಂಟು," ಅಂದರು ಅಪ್ಪ.

ಡಾಕ್ಟರ ಬಲೆ

ಮಣಿಪಾಲದಲ್ಲಿ ನಾನು ಹೂ ಕೊಡುವ ಒಂದು ಮನೆ ರಿಟೈರಾದ ಡಾಕ್ಟರದ್ದು. ಹೂ ತೆಗೆದುಕೊಳ್ಳುವುದು ಅವರ ಹೆಂಡತಿ. ಡಾಕ್ಟರನ್ನು ನಾನು ನೋಡಿಯೇ ಇರಲಿಲ್ಲ. ಒಂದು ದಿನ ಹಿತ್ತಿಲಿನಿಂದ ಟಕ್ ಅಂತ ಶಬ್ದ ಬಂತು. ನನಗೆ ಗುರುತಿದ್ದ ಶಬ್ದ. ಇಣುಕಿದರೆ ಡಾಕ್ಟರು ಮೀನಿನ ಬಲೆ ಕಟ್ಟಿ ಅದರೊಳಗೆ ಗಾಲ್ಫ್ ಚೆಂಡು ಹೊಡೀತಿದ್ದಾರೆ. ಮರುದಿನವೇ ಕೋಲು ಹಿಡಿದುಕೊಂಡು, ಗೆಳೆಯನನ್ನೂ ಕಟ್ಟಿಕೊಂಡು ಬಂದೆ.

ಎರಡು ಬೀಸು ನೋಡಿದರು. ಕೋಲು ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು, ರೋಗಿಗೆ ಇಷ್ಟು ದಿನ ಬೇರೆಯವರ ಔಷಧ ಕೊಟ್ಟದ್ದು ಗೊತ್ತಾದ ಹಾಗೆ.

"ನೀನು ಅನ್ನ ಉಣ್ಣುವುದು ಬಿಟ್ಟು ಬೇರೆ ಕೆಲಸಕ್ಕೆ ಯಾವ ಕೈ?"

"ಬಲಗೈ."

"ಕಲ್ಲು ಬಿಸಾಡುವುದು?"

"ಬಲಗೈ. ನಿಮ್ಮ ಪೇರಳೆಮರಕ್ಕೆ ಬಿಸಾಡಿದ್ದು ನಾನಲ್ಲ."

"ಮಾರಾಯ, ಇದು ಎಡಚರ ಕೋಲು."

ಎಡಚರಿಗೆ ಬೇರೆಯೇ ಕೋಲು ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ. ಏಳು ತಿಂಗಳು ಇಡೀ ಪ್ರಪಂಚ ಸೆಲ್ಫಿ ಕ್ಯಾಮೆರಾದಲ್ಲಿ ಉಲ್ಟಾ ಉಂಟು ಅಂತ ನಂಬಿದ್ದೆ. ಉಲ್ಟಾ ಇದ್ದದ್ದು ನಾನು.

ಡಾಕ್ಟರು ತಮ್ಮ ಚೀಲದಿಂದ ಒಂದು ಕೋಲು ಕೊಟ್ಟರು. ಬ್ಯಾಟು ಹಿಡಿದ ಹಾಗೆಯೇ ನಿಂತೆ. ಕೈ ಪುನಃ ನನ್ನದೇ ಆಯಿತು. ಹಿತ್ತಿಲಿನ ಆಚೆ ಖಾಲಿ ಗುಡ್ಡೆ. ಜೇಬಿನಿಂದ ದುಬೈಯ ಮೂರು ಚೆಂಡು ತೆಗೆದೆ. ಮೊಗ್ಗು ಹಿಡಿದ ಹಾಗೆ ಹಿಡಿದೆ. ಉಸಿರು ಬಿಟ್ಟೆ. ಎಷ್ಟು ಹೊಡೆದೆ, ಇನ್ನೆಷ್ಟು ಉಂಟು ಅಂತ ನೋಡಲಿಲ್ಲ.

ಒಂದು ನೇರ ಹೋಯಿತು. ಎರಡನೆಯದೂ ನೇರ ಹೋಯಿತು. ಮೂರನೆಯದು ಎಷ್ಟು ನೇರ ಹೋಯಿತು ಅಂದರೆ, ಯಾವತ್ತೂ ಮಾತು ನಿಲ್ಲಿಸದ ನನ್ನ ಗೆಳೆಯ ಬಾಯಿ ತೆರೆದುಕೊಂಡೇ ನಿಂತ. ಆದರೂ ಫೋನು ಅಲ್ಲಾಡಿಸಲಿಲ್ಲ. ನನ್ನ ಬೆನ್ನ ಹಿಂದಿನಿಂದ ಎಲ್ಲ ಸ್ಪಷ್ಟ ಬಂದಿತ್ತು.

ನನ್ನ ಕಣ್ಣಲ್ಲಿ ನೀರು ಬಂತು. ಡಾಕ್ಟರು ಬೆನ್ನು ತಟ್ಟಿದರು, ಅಷ್ಟು ಖುಷಿಯಾ ಅಂತ ಕೇಳಿದರು. ಹೌದು ಅಂದೆ. ಖುಷಿಯೂ ಹೌದು, ಏಳು ತಿಂಗಳ ಬೆನ್ನುನೋವಿಗೆ ಕಾರಣ ಸಿಕ್ಕಿದ್ದೂ ಹೌದು.

ಎಡಚನ ಮಗ

ಮನೆಗೆ ಓಡಿಬಂದೆ. ಕಳಿಸುವ ಮೊದಲು ಅಜ್ಜಿಗೆ ಹೇಳಿದೆ, ನಿಮ್ಮ ಕೊಕ್ಕೆ ಎಡಚರದ್ದಂತೆ ಅಂತ. ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತೆ? ಎಡಚನಿಗೆ ಯಾರಾದರೂ ಬಲಗೈಯದ್ದು ಕೊಡ್ತಾರಾ?"

"ಯಾರು ಎಡಚ?"

"ನಿನ್ನ ಅಪ್ಪ." ಅಜ್ಜಿ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ಬಲಗೈಯಲ್ಲಿ ಬರೆಯಲಿ, ಉಣ್ಣಲಿ ಅಂತ ಎರಡು ವರ್ಷ ದಿನಾ ಎಡಗೈ ಕಟ್ಟಿ ಶಾಲೆಗೆ ಕಳಿಸಿದ್ದಂತೆ. ಇದೇ ಬಾಳೆನಾರಿನಲ್ಲಿ. ಬರೆಯುವುದೂ ಉಣ್ಣುವುದೂ ಬಲಕ್ಕೆ ಬಂತು, ಬೇರೆ ಎಲ್ಲ ಎಡದಲ್ಲೇ ಉಳಿಯಿತು. "ನಿನಗೆ ಗೊತ್ತಿರಲಿಲ್ವಾ?" ಅಂದರು.

ಗೊತ್ತಿರಲಿಲ್ಲ. ವಿಡಿಯೋ ಕಾಲಿನಲ್ಲಿ ಅಪ್ಪ ಎಡಗೈ ಬೀಸ್ತಾರೆ. ಬಲಗೈಯಲ್ಲಿ ಫೋನು ಹಿಡಿದದ್ದಕ್ಕೆ ಅಂತ ಅಂದುಕೊಂಡಿದ್ದೆ. ಹದಿನೇಳು ವರ್ಷದ ಮಗ ನಾನು. ನನ್ನ ಅಪ್ಪನಿಗೆ ಯಾವ ಕೈ ವಾಟ ಅಂತ ಒಂದು ಕಬ್ಬಿಣದ ಕೋಲು ಬಂದು ಹೇಳಬೇಕಾಯಿತು.

ವಿಡಿಯೋ ಕಳಿಸದೆ ಮೊದಲು ಫೋನು ಮಾಡಿದೆ. ಅಪ್ಪ ಊಟಕ್ಕೆ ಕೂತಿದ್ದರು.

"ಅಪ್ಪಾ, ನೀವು ಎಡಚರಾ?"

"ಹೌದು." ಅಪ್ಪ ನಕ್ಕರು. "ನೀನೂ ಅಲ್ವಾ?"

ನಾನು ಬಾಯಿ ತೆರೆಯುವುದರೊಳಗೆ ಅಪ್ಪನೇ ಮುಂದುವರಿಸಿದರು. ಆ ಮುದುಕ ದೊರೆಯೂ ಎಡಚನಂತೆ, ಬಿದ್ದ ಚೆಂಡನ್ನು ಅಪ್ಪ ಎಡಗೈಯಲ್ಲಿ ಬಿಸಾಡುವುದನ್ನು ನೋಡಿ ಕೋಲು ಕೊಟ್ಟದ್ದಂತೆ. ಮಗನಿಗೆ ಯಾವ ಕೈ ಅಂತ ಅಪ್ಪನಿಗೆ ನೆನಪಾಗಲಿಲ್ಲವಂತೆ. ಫೋನಿನಲ್ಲಿ ಅದನ್ನು ಕೇಳಲಿಕ್ಕೆ ನಾಚಿಕೆ ಆಯಿತಂತೆ, ಮಗನ ಕೈ ಯಾವುದು ಅಂತ ಯಾವ ಅಪ್ಪ ಕೇಳ್ತಾನೆ? ಹಾಗಾಗಿ ಸುಮ್ಮನೆ ಕಳಿಸಿ ನೋಡಿದ್ದು. "ಮೊದಲ ವಿಡಿಯೋದಲ್ಲಿ ನೀನು ನನ್ನ ಹಾಗೆ ನಿಂತದ್ದನ್ನು ನೋಡಿದೆ ಮಗಾ. ರೂಮಿನವರಿಗೆಲ್ಲ ತೋರಿಸಿದೆ. ಇವನನ್ನು ನಾನು ಬೆಳೆಸಲಿಲ್ಲ, ಆದರೂ ನನ್ನ ಕೈಯೇ ಬಂದಿದೆ ಅಂತ ಹೇಳಿದೆ."

ಹೊರಗೆ ಅಜ್ಜಿ ನಾರು ಸೀಳ್ತಾ ಇದ್ದರು.

"ಹೌದಪ್ಪ," ಅಂದೆ. "ನಾನೂ ಎಡಚ."

ಈಗ ನೋಡಿ ನನ್ನ ಅವಸ್ಥೆ. ಅಪ್ಪ ಬರಬೇಕಾದರೆ ಮೂರು ನೇರ ಚೆಂಡಿನ ವಿಡಿಯೋ ಬೇಕು. ಅದು ನನ್ನ ಫೋನಿನಲ್ಲಿ ಉಂಟು. ಆದರೆ ಅದರಲ್ಲಿ ನಾನು ಬಲಗೈಯವ. ಕಳಿಸಿದರೆ ಅಪ್ಪ ಬರ್ತಾರೆ, ಅವರ ಎಡಚ ಮಗ ಹೋಗ್ತಾನೆ. ಅವತ್ತು ಸಂಜೆ ಪಂಕ್ಚರ್ ಅಂಗಡಿಯಲ್ಲಿ ಗೆಳೆಯ ನನ್ನ ಕತೆ ಕೇಳಿ, ಟ್ಯೂಬಿಗೆ ತೇಪೆ ಹಾಕ್ತಾ, ಇದಕ್ಕೆ ಇಷ್ಟು ಚಿಂತೆ ಯಾಕೆ, ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ವಿಡಿಯೋ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗ್ತದೆ ಅಂದ. ಒತ್ತಿದ. ಬಲಗೈಯವ ಮಾಯ. ಚೆಂದದ ಎಡಚನೊಬ್ಬ ನಿಂತು ಮೂರು ಚೆಂಡನ್ನು ನೇರ ಹೊಡೆದ. ಹುಲ್ಲು ಮೂರಕ್ಕೂ ಒಂದೇ ಎತ್ತರ. ದನ ಇಲ್ಲ. ನಾನೇ ನಾಲ್ಕು ಸಲ ಪರೀಕ್ಷೆ ಮಾಡಿ ಕಳಿಸಿದೆ.

ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಆ ಎರಡು ದಿನ ನಾನು ಎಡಗೈಯಲ್ಲಿ ಹಲ್ಲುಜ್ಜಿದೆ, ಎಡಗೈಯಲ್ಲಿ ಬಾವಿಯಿಂದ ನೀರೆಳೆದೆ, ಎಡಗೈಯಲ್ಲಿ ತಲೆ ಬಾಚಿ ಬೈತಲೆಯನ್ನು ಕಿವಿಯ ಹತ್ತಿರ ತೆಗೆದೆ. ಅಪ್ಪ ಬರುವುದರೊಳಗೆ ಪೂರಾ ಎಡಚ ಆಗಬೇಕಲ್ಲ. ಎರಡನೇ ದಿನ ಅಜ್ಜಿ ನನ್ನನ್ನೇ ನೋಡಿ ನೋಡಿ, ಒಬ್ಬನದ್ದು ಮುಗಿಯಿತು ಅಂದುಕೊಂಡರೆ ಇನ್ನೊಬ್ಬ ಶುರುಮಾಡಿದ ಅಂತ ಬಾಳೆನಾರನ್ನು ನೀರಿಗೆ ನೆನೆ ಹಾಕಿದರು.

ಮೂರನೇ ದಿನ ಅಪ್ಪನ ಧ್ವನಿ ಸಂದೇಶ ಬಂತು. ಅಮ್ಮ, ಅಜ್ಜಿ, ನಾನು ಮೂವರೂ ಚೊಂಬಿನ ಸುತ್ತ ಕೂತು ಕೇಳಿದೆವು. ಅವತ್ತು ಮೊದಲ ಸಲ ಅಮ್ಮನ ಬೆರಳು ನಿಂತದ್ದನ್ನು ನೋಡಿದೆ.

"ಮಗಾ, ಮೂರೂ ನೇರ ಉಂಟು. ಹುಲ್ಲೂ ಸರಿ ಉಂಟು. ಅವತ್ತೇ ಅರ್ಜಿ ಹಾಕಿದೆ, ಎರಡು ದಿನ ಬಿಟ್ಟು ಇವತ್ತು ಸಹಿ ಆಯಿತು, ಮುಂದಿನ ತಿಂಗಳು ಬರ್ತೇನೆ. ಹಾಸಿಗೆ ಬಿಸಿಲಿಗೆ ಹಾಕಲಿಕ್ಕೆ ಹೇಳು." 

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಂದೇಶ ಅಲ್ಲಿಗೆ ಮುಗಿಯಲಿಲ್ಲ. ಅಪ್ಪ ಒಮ್ಮೆ ಕೆಮ್ಮಿದರು.

"ಮತ್ತೆ ನಿನ್ನ ಅಂಗಿಯ ಬೆನ್ನಲ್ಲಿ ಎಂತದೋ ಬರೆದಿದೆ, ನನಗೆ ಓದಲಿಕ್ಕೆ ಆಗಲಿಲ್ಲ. ನಾನು ಊರು ಬಿಟ್ಟು ತುಂಬ ವರ್ಷ ಆಯಿತು, ಕನ್ನಡವೇ ಮರೆತುಹೋಯಿತಾ ಅಂತ ಹೆದರಿಕೆ ಆಯಿತು."

ಡಾಕ್ಟರಲ್ಲಿಗೆ ಹೋದ ದಿನ ನಾನು ಹಾಕಿದ್ದು ನಮ್ಮ ಊರಿನ ಕ್ರಿಕೆಟ್ ತಂಡದ ಅಂಗಿ. ಎಲ್ಲರ ಬೆನ್ನಿಗೆ ಅವರವರ ಹೆಸರು, ನನ್ನ ಬೆನ್ನಿಗೆ ಮಾತ್ರ ದೊಡ್ಡ ಅಕ್ಷರದಲ್ಲಿ 'ಹನ್ನೆರಡನೆಯವ' ಅಂತ ಗೆಳೆಯರೇ ಹಾಕಿಸಿದ್ದರು.

"ಕೊನೆಗೆ ಫೋನನ್ನು ಬಚ್ಚಲಿನ ಕನ್ನಡಿಗೆ ಹಿಡಿದೆ," ಅಂದರು ಅಪ್ಪ. "ಕನ್ನಡಿಯಲ್ಲಿ ಅಕ್ಷರವೂ ಸರಿಯಾಯಿತು, ನೀನೂ ಸರಿಯಾದೆ. ಬರುವಾಗ ನಿನಗೊಂದು ಬಲಗೈಯ ಕೋಲು ತರ್ತೇನೆ. ಎಡದ್ದು ನನಗಿರಲಿ. ಅಲ್ಲಿಯವರೆಗೆ ಅಜ್ಜಿಯ ನುಗ್ಗೆಕಾಯಿ ಕೊಯ್ದುಕೊಡು."